ತೆಂಗಿನ ಮರದ ಕಣ್ಣೀರು

ನಾನು ಕಲಾವಿದ. ಈ ವಿಷಯ ಇಡೀ ತಿಪಟೂರಿನಲ್ಲಿ ನನ್ನೊಬ್ಬನಿಗೇ ಗೊತ್ತಿತ್ತು. ಉಳಿದವರ ಪಾಲಿಗೆ ನಾನು ಸ್ಟುಡಿಯೋದವನು. ಮೂವತ್ತು ವರ್ಷ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆದು ತೆಗೆದು, ಈಗ ತಾಲ್ಲೂಕಿನ ಅರ್ಧ ಜನರನ್ನು ಕಿವಿ ನೋಡಿಯೇ ಗುರುತಿಸಬಲ್ಲೆ. ಆದರೂ ಕ್ಯಾಮೆರಾ ಕೈಗೆ ಬಂದ ದಿನದಿಂದ ನನ್ನದು ಒಂದೇ ಆಸೆ: ಒಮ್ಮೆಯಾದರೂ ಜನ ನನ್ನ ಚಿತ್ರದ ಮುಂದೆ ಮಾತು ಮರೆತು ನಿಲ್ಲಬೇಕು.

ಆದ್ದರಿಂದ ಸ್ಟುಡಿಯೋ ಮೇಲಿನ ಹಾಲಿನಲ್ಲಿ ನನ್ನ ಚಿತ್ರಗಳ ಪ್ರದರ್ಶನ ಏರ್ಪಡಿಸಲು ತೀರ್ಮಾನಿಸಲಾಯಿತು. ತೀರ್ಮಾನಿಸಿದವನೂ ನಾನೇ, ಸರ್ವಾನುಮತದಿಂದ ಅನುಮೋದಿಸಿದವನೂ ನಾನೇ!

ಮುಖ್ಯ ಚಿತ್ರಕ್ಕೆಂದು ಹೊನ್ನವಳ್ಳಿಯ ಗೆಳೆಯ ಪುಟ್ಟಸ್ವಾಮಿಯ ತೋಟಕ್ಕೆ ಹೋದೆ. ಅಲ್ಲಿ ಅವನ ತಾತ ನೆಟ್ಟ ಒಂದು ಬಾಗಿದ ತೆಂಗಿನ ಮರವಿದೆ. ಬೆಳಕು ಚೆನ್ನಾಗಿತ್ತು, ಮರವೂ ಚೆನ್ನಾಗಿತ್ತು. ಆದರೆ ಭಾವ ಸಾಲದು! ಪುಟ್ಟಸ್ವಾಮಿ ಪಂಪು ಹಾಕಲು ಆಚೆ ಹೋದಾಗ, ಅವನ ಹೆಂಡತಿ ಫ್ಲಾಸ್ಕಿನಲ್ಲಿ ಕೊಟ್ಟಿದ್ದ ಬೆಲ್ಲದ ಕರಿಕಾಫಿಯನ್ನು ಕಾಂಡದ ಬಿರುಕುಗಳಿಂದ ಇಳಿಯುವಂತೆ ಹೊಯ್ದೆ. ನಾಲ್ಕು ಕಂದು ಗೆರೆಗಳು ನಿಧಾನವಾಗಿ ಇಳಿದವು. ಮರ ಅಳುತ್ತಿತ್ತು. ತಡಮಾಡದೆ ಕ್ಲಿಕ್ಕಿಸಿದೆ.

ಆಳೆತ್ತರದ ಪ್ರಿಂಟು ಹಾಕಿಸಿ, ‘ಕಣ್ಣೀರು’ ಎಂದು ಹೆಸರಿಟ್ಟೆ. ಕೆಳಗೆ, ಕೃತಜ್ಞತೆಗಾಗಿ, ದಪ್ಪಕ್ಷರದಲ್ಲಿ ಬರೆಸಿದೆ: ‘ಸ್ಥಳ: ಹೊನ್ನವಳ್ಳಿ ಪುಟ್ಟಸ್ವಾಮಿಯವರ ತೋಟ.’ ಅವನಿಗೆ ಹೆಮ್ಮೆಯೋ ಹೆಮ್ಮೆ. ತನ್ನ ಮಗನಿಗೆ ಹೆಣ್ಣು ಕೊಡಲು ಒಪ್ಪಿದ್ದ ಕಂದಿಕೆರೆಯ ರುದ್ರಣ್ಣನನ್ನೂ ಚಿತ್ರ ನೋಡಲು ಕರೆತಂದ.

ಜನ ಬಂದರು. ‘ಕಣ್ಣೀರಿ’ನ ಮುಂದೆ ನಿಂತರು. ಮಾತು ಮರೆತರು! ನನ್ನ ಎದೆ ಉಬ್ಬಿತು.

“ಅಯ್ಯೋ, ಕಾಂಡ ಸೋರೋ ರೋಗ ಕಣ್ಲಾ ಇದು!” ಎಂದರು ಒಬ್ಬರು.

“ಬುಡಕ್ಕೆ ಬೇವಿನಹಿಂಡಿ ಕಂಡಂಗಿಲ್ಲ.”

“ಪಕ್ಕದ ಮರಕ್ಕೂ ಹತ್ತಿರ್ತದೆ ಬುಡು.”

ಉಳಿದ ಹತ್ತೊಂಬತ್ತು ಚಿತ್ರಗಳನ್ನು ಯಾರೂ ನೋಡಲಿಲ್ಲ. ಮೊಬೈಲುಗಳು ಮೇಲೆದ್ದವು. ಕ್ಷಣಾರ್ಧದಲ್ಲಿ ನನ್ನ ಕಲಾಕೃತಿ ತೆಂಗು ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿತ್ತು, ‘ಎಚ್ಚರಿಕೆ’ ಎಂಬ ತಲೆಬರಹದೊಂದಿಗೆ. ರುದ್ರಣ್ಣ ಚಿತ್ರವನ್ನೊಮ್ಮೆ, ದಪ್ಪಕ್ಷರವನ್ನೊಮ್ಮೆ ನೋಡಿ, ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದರು.

ಮನೆಗೆ ಬಂದು ಹೆಂಡತಿ ಸರೋಜಳಿಗೆ ಎಲ್ಲ ಹೇಳಿದೆ.

“ಮರಕ್ಕೆ ಕಾಫಿ ಹುಯ್ದಿದ್ದು ನಾನೇ ಅಂತ ಹೇಳ್ಬುಡ್ರೀ.”

“ಹೇಳಿದರೆ ನನ್ನ ಕಲೆಯ ಗತಿ?”

“ಹೇಳ್ದಿದ್ರೆ ಆ ಹುಡುಗನ ಮದ್ವೆ ಗತಿ?”

ಕಲಾವಿದ ಎರಡು ದಿನ ಯಾರಿಗೂ ಹೇಳದೆ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ ಕಳೆದ. ಮೂರನೆಯ ದಿನ ಪುಟ್ಟಸ್ವಾಮಿಯ ಫೋನು ಬಂತು. “ಲೇ, ನಿನ್ ಕ್ಯಾಮೆರಾ ಕಣ್ಣಿಗೆ ಕಂಡಿದ್ದು ನನ್ ಕಣ್ಣಿಗೆ ಕಾಣ್ಲಿಲ್ವಲ್ಲೋ! ರೋಗ ಬಂದಿರೋ ತೋಟದ ಸಂಬಂಧ ಬ್ಯಾಡ ಅಂದ್ಬುಟ್ರು ರುದ್ರಣ್ಣ. ತಾತನ ಮರ ಕಡಿಸ್ತಾ ಇವ್ನಿ. ಆಳು ಬಂದವ್ರೆ.” ಅವನ ದನಿ ಒಡೆದಿತ್ತು. ನನಗೆ ನಾಚಿಕೆಯಾಯಿತು. ನಿಜವಾಗಿ ಆಯಿತು.

“ಕೊಡಲಿ ಇಳಿಸು, ಬಂದೆ!” ಎಂದು ಕಿರುಚಿ, ರುದ್ರಣ್ಣನನ್ನೂ ಫೋನಿನಲ್ಲೇ ಬೇಡಿಕೊಂಡು ಕರೆಸಿ, ತೋಟದಲ್ಲಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಯಾರೂ ನಂಬಲಿಲ್ಲ! ಗೆಳೆಯನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂದರು. ಕೊನೆಗೆ ರುದ್ರಣ್ಣ ಕಾಂಡದ ಗೆರೆಗಳ ಮೇಲೆ ಸಾಲುಗಟ್ಟಿದ್ದ ಇರುವೆಗಳನ್ನು ದಿಟ್ಟಿಸಿದರು. ಉಗುರಿನಿಂದ ಕೆರೆದು ನಾಲಿಗೆಗಿಟ್ಟರು.

“ಬೆಲ್ಲ ಐತೆ,” ಎಂದು ತೀರ್ಪಿತ್ತರು. “ಕಾಫಿ ಪುಡಿ ಮಾತ್ರ ಸಾಲ್ದು.”

ಮರ ಉಳಿಯಿತು. ಸಂಬಂಧವೂ ಉಳಿಯಿತು. ಲಗ್ನಪತ್ರಿಕೆ ಕೊಡಲು ಪುಟ್ಟಸ್ವಾಮಿ ಖುದ್ದಾಗಿ ಮನೆಗೆ ಬಂದ. ಮದುವೆಯ ಫೋಟೋ ನನ್ನದೇ ಎಂದುಕೊಂಡು, ಯಾವ ಲೆನ್ಸು ತರಲಿ ಎಂದು ಗಂಭೀರವಾಗಿ ಕೇಳಿದೆ.

“ಏನೂ ಬ್ಯಾಡ ಕಣಪ್ಪ,” ಎಂದ ಅವನು ಪ್ರೀತಿಯಿಂದ. “ತುಮಕೂರಿಂದ ಒಬ್ರಿಗೆ ಹೇಳಿವ್ನಿ. ನೀನು ಬರೀ ಕೈಲಿ ಬಾ.”

ಹೋದೆ. ಮೊದಲ ಪಂಕ್ತಿಯಲ್ಲೇ ಕೂರಿಸಿದರು. ಊಟವಾದ ಮೇಲೆ ಕಾಫಿ ಕೇಳಿದೆ. ಬಡಿಸುವವನು ಲೋಟ ಕೈಗೆ ಕೊಟ್ಟು, ನಾನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಿದ್ದ.