ಮೋಟಾರು ದೋಣಿಗೆ ಅಖಂಡ ನೆಲ

ದೋಣಿಗೆ ನೆಲ ಹಾಕುವುದೆಂದರೆ ಏನು ಮಹಾ? ಗಂಡಸಾದವನು, ಅದರಲ್ಲೂ ಹಿಟ್ಟಿನ ಗಿರಣಿ ನಡೆಸುವ ಗಂಡಸು, ಸುತ್ತಿಗೆ ಕೈಗೆತ್ತಿಕೊಂಡರೆ ಸಾಕು, ಹಲಗೆಗಳು ತಾವೇ ಬಂದು ಸಾಲಾಗಿ ಮಲಗಬೇಕು! ಹೀಗೆಂದು ನಾನು ಘೋಷಿಸಿದ್ದು ಶಿಕಾರಿಪುರದ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ, ೧೯೫೮ರ ದೀಪಾವಳಿ ಮುಗಿದ ಮರುವಾರ. ಸಭೆಯಲ್ಲಿದ್ದವಳು ನನ್ನ ಹೆಂಡತಿ ವನಜಮ್ಮ ಒಬ್ಬಳೇ. ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಚಪ್ಪಾಳೆ ಬೀಳಲಿಲ್ಲ.

"ರೀ, ನಾನು ಬಸ್ಸಿಗೇ ಹೋಗ್ತೀನಿ ಬಿಡ್ರಿ" ಎಂದಳು.

"ಬಸ್ಸೇ! ಮೋಟಾರಿನ ಯಜಮಾನನ ಹೆಂಡತಿ ಬಸ್ಸಿನಲ್ಲಿ ನೂಕಾಡಿಕೊಂಡು ಹೋಗೋದೇ!"

ಈ ಮೋಟಾರಿನ ಕಥೆ ಸ್ವಲ್ಪ ಹೇಳಬೇಕು. ಅಂಜನಾಪುರದ ಜಲಾಶಯ ಕಟ್ಟುವಾಗ ಯಾರೋ ಕಂಟ್ರಾಕ್ಟರು ಒಂದು ಮೋಟಾರು ದೋಣಿ ತಂದಿದ್ದ. ಕೆಲಸ ಮುಗಿದ ಮೇಲೆ ಅದನ್ನು ಹೊತ್ತೊಯ್ಯುವ ಉಸಾಬರಿ ಯಾರಿಗೆ ಬೇಕು ಎಂದು ನಮ್ಮಪ್ಪನ ತಲೆಗೆ ಕಟ್ಟಿ ಹೋದ. ಉಳಿದವರಿಗೆ ಅಪ್ಪನಿಂದ ಗದ್ದೆ, ತೋಟ ಬಂದರೆ ನನಗೆ ದೋಣಿ ಬಂತು. ಮದುವೆ ಮಾತುಕತೆಯಲ್ಲಿ ನಮ್ಮ ಕಡೆಯವರು "ಹುಡುಗನಿಗೆ ಸ್ವಂತ ಮೋಟಾರಿದೆ" ಎಂದಿದ್ದರು. ಹೆಣ್ಣಿನ ತಾಯಿ ಗುಡ್ಡಮ್ಮನವರು ಹಿಗ್ಗಿ ಹೆಣ್ಣು ಕೊಟ್ಟರು. ಆ ಮೋಟಾರಿಗೆ ಗಾಲಿಗಳಿಲ್ಲ ಎಂದು ಅವರಿಗೆ ಗೊತ್ತಾದದ್ದು ಧಾರೆ ಎರೆದ ಮೇಲೆ.

ಆದರೂ ನನ್ನ ಅದೃಷ್ಟ ನೋಡಿ, ಹೆಂಡತಿಯ ತವರು ಜಲಾಶಯದ ಆಚೆ ದಡದಲ್ಲೇ ಇತ್ತು. ರಸ್ತೆಯಲ್ಲಾದರೆ ಬಸ್ಸು, ಆಮೇಲೆ ಎತ್ತಿನ ಗಾಡಿ, ಹಿನ್ನೀರನ್ನೆಲ್ಲ ಸುತ್ತಿ ಅರ್ಧ ದಿನ. ದೋಣಿಯಲ್ಲಾದರೆ ಎಲೆಯಡಿಕೆ ಹಾಕಿಕೊಂಡು ಉಗುಳುವುದರೊಳಗೆ ಆಚೆ ದಡ! ಆದರೆ ಹಿಂದಿನ ವರ್ಷ ವನಜಮ್ಮ ದೋಣಿ ಹತ್ತಿದಾಗ ನೆಲದ ಹಲಗೆ ಲಡ್ಡಾಗಿತ್ತು. ಅವಳ ಕಾಲು ಮೊಣಕಾಲಿನವರೆಗೂ ಒಳಗೆ ಹೋಯಿತು. "ನೆಲ ಬದಲಾಯಿಸೋ ತನಕ ನಾನು ಇದಕ್ಕೆ ಕಾಲಿಡಲ್ಲ" ಎಂದು ಅವಳು ಅಲ್ಲೇ ಶಪಥ ಮಾಡಿದಳು.

ಈಗ ಅವಳ ತಮ್ಮ ಆನಂದಪ್ಪನಿಗೆ ಹೆಣ್ಣು ಮಗು ಹುಟ್ಟಿ, ನಾಮಕರಣ ನಿಶ್ಚಯವಾಗಿತ್ತು. ನಮ್ಮ ಕಡೆ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ವನಜಮ್ಮ. ಹೆಸರು ಏನೆಂದು ಅಲ್ಲಿಯವರೆಗೆ ಅವಳು ಯಾರಿಗೂ ಬಾಯಿ ಬಿಡುವಂತಿಲ್ಲ. ಅವಳು ಹೇಳುವಾಗ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಪ್ರೀತಿಯಿಂದ ಗುದ್ದುತ್ತಾರೆ. ಪ್ರೀತಿಯಿಂದ ಎನ್ನುವುದು ಗುದ್ದುವವರ ಮಾತು.

"ನಾನು ಹೊತ್ತಿಗೆ ಸರಿಯಾಗಿ ಹೋಗದಿದ್ರೆ ಲೋಕಕ್ಕ ಮುಂದೆ ಬಂದು ನಿಂತ್ಕೋತಾಳೆ ಕಣ್ರೀ" ಎಂದಳು ವನಜಮ್ಮ. ಲೋಕಮ್ಮ ಅವಳ ದೊಡ್ಡಪ್ಪನ ಮಗಳು. ಆ ಊರಲ್ಲಿ ಎಲ್ಲಿ ತೊಟ್ಟಿಲು ಕಟ್ಟಿದರೂ ಕರೆಯುವುದಕ್ಕಿಂತ ಮುಂಚೆ ಹಾಜರಾಗಿ, ಹೆಸರಿಡುವ ಕೆಲಸವನ್ನು ಕೈಗೆ ತೆಗೆದುಕೊಳ್ಳುವ ಮಹಾತಾಯಿ. "ಇದೊಂದು ಮಗೂಗಾದ್ರೂ ನಾನೇ ಹೆಸರಿಡಬೇಕು. ನನಗಿರೋನು ಒಬ್ಬನೇ ತಮ್ಮ."

"ನೀನೇ ಇಡ್ತೀಯಾ! ಹೊಸ ನೆಲದ ಮೇಲೆ ರಾಣಿ ಹಾಗೆ ಕೂತು ಹೋಗಿ ಇಡ್ತೀಯಾ!" ಎಂದೆ.

ಸೊರಬದ ಸಾಮಿಲ್ಲಿನಿಂದ ಒಳ್ಳೆಯ ಹೊನ್ನೆ ಹಲಗೆ ತರಿಸಿದೆ. ಗಿರಣಿಗೆ ರಜ ಘೋಷಿಸಿದೆ. ಅಂಜನಾಪುರದ ದಂಡೆಯಲ್ಲಿ ದಿಮ್ಮಿಗಳ ಮೇಲೆ ಮಲಗಿದ್ದ ದೋಣಿಯ ಹಳೆಯ ನೆಲವನ್ನೆಲ್ಲ ಕಿತ್ತು ಬಿಸಾಡಿದೆ. ಕಿತ್ತ ಮೇಲೆ, ಗಿರಣಿಯವನಲ್ಲವೇ, ಮೊದಲು ಇಂಜಿನ್ ಪರೀಕ್ಷೆ ಮಾಡಿದೆ. ಆ ಇಂಜಿನ್ನಿಗೆ ಇದ್ದದ್ದು ಒಂದೇ ಲಗಾಮು: ದೋಣಿಯ ತಳದಲ್ಲಿ ಪೆಟ್ರೋಲ್ ಬಿಡುವ ಒಂದು ನಲ್ಲಿ. ಅದನ್ನು ಬಿಟ್ಟರೆ ಓಡುತ್ತದೆ, ಕಟ್ಟಿದರೆ ನಿಲ್ಲುತ್ತದೆ. ಇಂಜಿನ್ ಓಡುವಷ್ಟು ಹೊತ್ತೂ ದೋಣಿ ಓಡಲೇಬೇಕು, ನಡುವೆ ರಾಜಿ ಪಂಚಾಯ್ತಿ ಇಲ್ಲ. ಟ್ಯಾಂಕಿಗೆ ಒಂದು ಲೋಟ ಪೆಟ್ರೋಲ್ ಸುರಿದೆ, ನಲ್ಲಿ ಬಿಟ್ಟೆ, ಹ್ಯಾಂಡಲ್ ತಿರುಗಿಸಿದೆ. ಟಕಟಕ ಎಂದು ಮುದ್ದಾಗಿ ಓಡಿತು. ಲೋಟದ ಪೆಟ್ರೋಲ್ ಮುಗಿದಾಗ ತಾನೇ ನಿಂತಿತು. ನಾನು ಸಂತೋಷದಿಂದ ಕೈ ಒರೆಸಿಕೊಂಡು ಎದ್ದೆ. ಈ ಕೊನೆಯ ಎರಡು ವಾಕ್ಯಗಳನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಬುತ್ತಿ ತಂದಿದ್ದ ವನಜಮ್ಮ ಹಳೆಯ ಹಲಗೆಗಳ ರಾಶಿಯಿಂದ ಒಂದು ಚೌಕದ ತುಂಡನ್ನು ಎತ್ತಿ ಹಿಡಿದಳು. ಉಳಿದದ್ದೆಲ್ಲ ಲಡ್ಡಾಗಿದ್ದರೂ ಅದು ಗಟ್ಟಿಯಾಗಿತ್ತು. ನಡುವೆ ಒಂದು ಹಿತ್ತಾಳೆ ಉಂಗುರ.

"ಇದು ಎಲ್ಲಿಗೆ ಬರುತ್ತೆ ರೀ?"

"ಎಲ್ಲಿಗೂ ಬರಲ್ಲ! ಹಳಬರ ಕೆಲಸ ನೋಡು, ನೆಲದ ಮಧ್ಯೆ ಕಿಂಡಿ, ಕಿಂಡಿಗೊಂದು ಮುಚ್ಚಳ, ಮುಚ್ಚಳಕ್ಕೊಂದು ಮೂಗುತಿ! ನಾನು ಹಾಕೋದು ಅಖಂಡ ನೆಲ!"

"ಹಾಗಾದ್ರೆ ಆನಂದ ನಾಮಕರಣಕ್ಕೆ ಕರೆಯೋಕೆ ಬಂದಾಗ ಅವನ ಕೈಲಿ ಅಮ್ಮಂಗೆ ಕೊಟ್ಟು ಕಳಿಸ್ತೀನಿ. ಏನಕ್ಕಾದ್ರೂ ಆಗುತ್ತೆ."

"ಧಾರಾಳವಾಗಿ ಕಳಿಸು!" ಎಂದೆ. ದಾನಶೂರ!

ಆಮೇಲೆ ನಾನು ಹೊಡೆದ ಮೊಳೆಗಳಿಗೆ ಲೆಕ್ಕವಿಲ್ಲ. ಒಂದು ಮೊಳೆ ಸಾಕಾದ ಕಡೆ ನಾಲ್ಕು ಹೊಡೆದೆ. ಹಲಗೆ ಹಲಗೆಯ ನಡುವೆ ಕೂದಲು ತೂರದ ಹಾಗೆ ಜೋಡಿಸಿದೆ. ಕೆಲಸ ಮುಗಿದಾಗ ಅದರ ಮೇಲೆ ನಿಂತು ಕುಣಿದು ತೋರಿಸಿದೆ. ವನಜಮ್ಮನೂ ಕಾಲಿಟ್ಟು ನೋಡಿದಳು, ಕುಕ್ಕಿ ನೋಡಿದಳು, ಕೊನೆಗೆ ನಕ್ಕಳು. "ಪರವಾಗಿಲ್ಲ ಕಣ್ರೀ, ಚೆನ್ನಾಗೇ ಆಗಿದೆ" ಎಂದು ಅರಿಶಿನ ಕುಂಕುಮ ಇಟ್ಟು, ನಡುಮಧ್ಯೆ ಒಂದು ರಂಗೋಲಿ ಹಾಕಿದಳು. ಅಷ್ಟು ಹೊಗಳಿಕೆ ಅವಳ ಬಾಯಿಂದ ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು.

ನಾಮಕರಣದ ಹಿಂದಿನ ದಿನ ಅವಳು ಬಾಣಂತಿಗೆಂದು ಡಬ್ಬಿ ತುಂಬ ಅಂಟಿನುಂಡೆ ಕಟ್ಟಿದಳು. ರುಚಿ ನೋಡಲು ಒಂದು ಕಚ್ಚಿದೆ. ಹಲ್ಲು ಜಾರಿತು, ಉಂಡೆ ಜಗ್ಗಲಿಲ್ಲ.

"ಇದನ್ನು ತಿನ್ನೋದಕ್ಕೋ, ಕೋಟೆ ಒಡೆಯೋದಕ್ಕೋ?" ಎಂದೆ.

"ನೀವು ಬಾಣಂತಿ ಅಲ್ಲವಲ್ಲ, ಇಡ್ರಿ ಕೆಳಗೆ" ಎಂದಳು.

ಮರುದಿನ ಬೆಳಿಗ್ಗೆ ನಾನು ಹೊಸ ಪಂಚೆ, ಕೋಟು, ತಲೆಗೆ ರುಮಾಲು, ಕೈಗೆ ಕೊಡೆ. ವನಜಮ್ಮ ಧಾರೆ ಸೀರೆ. ಟ್ಯಾಂಕಿಗೆ ಕಂಠಪೂರ್ತಿ ಪೆಟ್ರೋಲ್ ಕುಡಿಸಿ ಹ್ಯಾಂಡಲ್ ತಿರುಗಿಸಿದೆ. ಒಂದೇ ಏಟಿಗೆ ಹತ್ತಿಕೊಂಡಿತು! ನೀರನ್ನು ಸೀಳಿಕೊಂಡು ಹೊರಟೆವು. ಎಳೆ ಬಿಸಿಲು, ತಂಪು ಗಾಳಿ, ನೀರಿನಲ್ಲಿ ನಿಂತ ಒಣಮರಗಳ ಮೇಲೆ ಬೆಳ್ಳಕ್ಕಿ. ವನಜಮ್ಮ ಹೊಸ ನೆಲದ ಮೇಲೆ ಕಾಲು ಚಾಚಿ ಕುಳಿತು ತವರಿನ ಕಡೆ ನೋಡುತ್ತಿದ್ದಳು. ನಮ್ಮ ದಾಂಪತ್ಯದಲ್ಲಿ ಅಂಥ ನೆಮ್ಮದಿಯ ಗಳಿಗೆ ಇನ್ನೊಂದಿಲ್ಲ.

ಆಚೆ ದಡದ ಕಲ್ಲು ಮೆಟ್ಟಿಲ ಮೇಲೆ ಇಡೀ ಬಂಧುಬಳಗ ನೆರೆದಿತ್ತು. ಅತ್ತೆ ಗುಡ್ಡಮ್ಮನವರ ಕೈಯಲ್ಲಿ ಆರತಿ ತಟ್ಟೆ. ಇಂಜಿನ್ ನಿಲ್ಲಿಸೋಣ ಎಂದು ನಾನು ಗಾಂಭೀರ್ಯದಿಂದ ಬಗ್ಗಿ ನಲ್ಲಿಗೆ ಕೈ ಹಾಕಿದೆ.

ಕೈಗೆ ಸಿಕ್ಕಿದ್ದು ಹಲಗೆ.

ಆಚೆ ತಡವಿದೆ, ಹಲಗೆ. ಈಚೆ ತಡವಿದೆ, ಹಲಗೆ. ಕೂದಲೂ ತೂರದ ಅಖಂಡ ಹಲಗೆ! ನಲ್ಲಿ ಅದರ ಕೆಳಗೆ ಬಾಯಿ ತೆರೆದುಕೊಂಡು ಸುಖವಾಗಿತ್ತು.

"ರೀ, ನಿಲ್ಸಿ ರೀ, ಮನೆ ಬಂತು!"

"ನಿಲ್ಲಲ್ಲ ಕಣೇ!"

"ನಿಲ್ಲಲ್ಲ ಅಂದ್ರೆ?"

ಮೆಟ್ಟಿಲಿಗೆ ಗುದ್ದುವುದು ತಪ್ಪಲೆಂದು ಚುಕ್ಕಾಣಿ ತಿರುಗಿಸಿದೆ. ದೋಣಿ ಬಂಧುಬಳಗದ ಮುಂದೆ ಅಡ್ಡಡ್ಡವಾಗಿ ಹಾದುಹೋಯಿತು. ಅತ್ತೆಯ ಮುಖವೂ ಆರತಿಯೂ ನಮ್ಮ ಜೊತೆಯಲ್ಲೇ ಬಲಕ್ಕೆ ತಿರುಗಿದವು.

"ಭಾವಾ, ಎತ್ಲಾಗೆ ಹೊಂಟ್ರಿ? ಮನೆ ಇಲ್ಲೈತೆ!" ಎಂದು ಆನಂದಪ್ಪ ಕೂಗಿದ.

"ಗೊತ್ತು! ಬಂದ್ವಿ!" ಎಂದು ಕೂಗುತ್ತಲೇ ದೂರ ಹೋದೆವು.

ಒಂದು ದೊಡ್ಡ ಸುತ್ತು ಹಾಕಿ ಮತ್ತೆ ಬಂದೆವು. ಅಷ್ಟರಲ್ಲಿ ನಾನು ಕೊಡೆಯ ತುದಿಯಿಂದ ಹಲಗೆ ಮೀಟಿ, ಕೊಡೆಯನ್ನು ಬಗ್ಗಿಸಿದ್ದೆ. ಮೊಳೆ ಅಲುಗಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಅದೊಂದೇ! ಇಂಜಿನ್ನಿನ ಒಂದು ವಯರು ಕೀಳಹೋದೆ. ಅದು ಹೊಡೆದ ಏಟಿಗೆ ರುಮಾಲು ಹಾರಿ ಜಲಾಶಯದ ಪಾಲಾಯಿತು. ಧುಮುಕೋಣವೆಂದರೆ ಇಬ್ಬರಿಗೂ ಈಜು ಬರದು.

"ಅಕ್ಕಾ, ಐನೋರು ಹೊತ್ತು ಮೀರ್ತೈತೆ ಅಂತಾರೆ!" ಎಂದ ಆನಂದಪ್ಪ ಎರಡನೆಯ ಸುತ್ತಿನಲ್ಲಿ.

ನಾನು ಮೆಟ್ಟಿಲ ಕಡೆ ನೋಡಿದೆ. ಮೊದಲ ಸುತ್ತಿನಲ್ಲಿ ಹಿಂದೆ ನಿಂತಿದ್ದ ಲೋಕಮ್ಮ ಈಗ ಅತ್ತೆಯ ಪಕ್ಕದಲ್ಲಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

"ನೀವು ನಿಧಾನಕ್ಕೆ ಬರ್ರವ್ವಾ, ಹೆಸರು ನಾನು ಹೇಳ್ತೀನಿ!" ಎಂದು ಆಕೆ ಕೂಗಿದಳು.

ವನಜಮ್ಮನ ಮುಖ ನೋಡಿದೆ. ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಕಣ್ಣಲ್ಲಿ ನೀರಾಡುತ್ತಿತ್ತು. "ಬಸ್ಸಿಗೆ ಹೋಗ್ತೀನಿ ಅಂದಿದ್ದೆ ರೀ" ಎಂದಳು, ಅಷ್ಟೇ. ನನ್ನ ನೆಲ ಹಾಳಾಗಲಿ, ಇವಳ ಆಸೆ ಹಾಳಾಗಬಾರದು ಎನ್ನಿಸಿತು.

"ಕಿವಿಯಲ್ಲಿ ಹೇಳೋಕಾಗದಿದ್ರೆ ಕೂಗಿ ಹೇಳೇ!" ಎಂದೆ. "ನಾನು ಆದಷ್ಟು ಹತ್ತಿರ ತರ್ತೀನಿ!"

ಅವಳು ಎದ್ದು ಅಖಂಡ ನೆಲದ ಮೇಲೆ ಕಾಲೂರಿ ನಿಂತಳು. "ಅಮ್ಮಾ, ಮಗೂನ ಮುಂದಕ್ಕೆ ಹಿಡೀ!"

ಮೂರನೆಯ ಸುತ್ತು. ಅತ್ತೆ ಆರತಿ ತಟ್ಟೆಯನ್ನು ಲೋಕಮ್ಮನ ಕೈಗೆ ತುರುಕಿ, ಮಗುವನ್ನೆತ್ತಿಕೊಂಡು ಕೊನೆಯ ಮೆಟ್ಟಿಲಿಗೆ ಇಳಿದರು. ವನಜಮ್ಮ ಎರಡೂ ಕೈಗಳನ್ನು ಬಾಯಿಗೆ ಹಿಡಿದು, ಇಂಜಿನ್ನಿನ ಸದ್ದನ್ನೂ ಮೀರಿ ಕೂಗಿದಳು:

"ಜಗದಾಂಬಾ!"

ಬೆಳ್ಳಕ್ಕಿಗಳೆಲ್ಲ ಒಣಮರಗಳಿಂದ ಎದ್ದವು. ಗುಟ್ಟಾಗಿ ಹೇಳಬೇಕಾದ ಹೆಸರು ಮಗುವಿಗಿಂತ ಮುಂಚೆ ದೂರದಲ್ಲಿ ದನ ಮೇಯಿಸುವವರಿಗೆ ತಿಳಿಯಿತು. ಅವರೂ ಮರುಕೂಗು ಹಾಕಿದರು. ಮುಂದಿನ ಸುತ್ತಿನಲ್ಲಿ ಎರಡನೆಯ ಸಲ. ಅದರ ಮುಂದಿನದರಲ್ಲಿ ಮೂರನೆಯ ಸಲ.

"ಇದೆಂಥ ಶಾಸ್ತ್ರ? ಕಿವಿಯಾಗೆ ಹೇಳ್ಬೇಕು!" ಎಂದು ಲೋಕಮ್ಮ ಗಂಟಲು ಹರಿದುಕೊಂಡದ್ದು ನಮಗೂ ಕೇಳಿಸಿತು.

"ಕಿವಿಗೆ ಬಿದ್ದೈತೆ ಬಿಡೇ! ಕೂಸು ನಗ್ತೈತೆ ನೋಡು!" ಎಂದರು ಅತ್ತೆ.

"ಗುದ್ದು ಬಾಕಿ ಐತೆ ವನಜಕ್ಕಾ!" ಎಂದು ಹೆಂಗಸರು ಮುಷ್ಟಿ ಎತ್ತಿ ತೋರಿಸಿದರು.

ಹೆಸರೇನೋ ಆಯಿತು, ದೋಣಿ ನಿಲ್ಲಬೇಕಲ್ಲ! ಟ್ಯಾಂಕಿನಲ್ಲಿ ಸಂಜೆಯವರೆಗೂ ಸುತ್ತುವಷ್ಟು ಪೆಟ್ರೋಲ್ ಇತ್ತು. ವನಜಮ್ಮ ದೋಣಿಯ ಪಕ್ಕದಿಂದ ಭುಸುಗುಡುತ್ತಿದ್ದ ಹೊಗೆಯ ಕೊಳವೆಯನ್ನು ನೋಡಿದಳು. ಉಂಡೆ ಡಬ್ಬಿಯನ್ನು ನೋಡಿದಳು.

"ಇದರ ಮೂಗು ಮುಚ್ಚಿದ್ರೆ ಏನಾಗುತ್ತೆ ರೀ?"

ನಾನು ಉತ್ತರ ಕೊಡುವ ಮೊದಲೇ ಒಂದು ಅಂಟಿನುಂಡೆಯನ್ನು ಕೊಳವೆಯ ಬಾಯಿಗಿಟ್ಟು, ಬಗ್ಗಿದ ಕೊಡೆಯಿಂದ ಒಳಗೆ ತಳ್ಳಿದಳು. ಅದರ ಹಿಂದೆ ಇನ್ನೊಂದು. ಇಂಜಿನ್ ಕೆಮ್ಮಿತು, ಬಿಕ್ಕಿತು, ನಡುಗಿತು, ನಿಂತಿತು. ಆಹಾ, ಆ ನಿಶ್ಶಬ್ದ! ನಾನು ಆ ಉಂಡೆಗಳ ಬಗ್ಗೆ ಆಡಿದ ಮಾತನ್ನೆಲ್ಲ ಅಲ್ಲೇ ಹಿಂದಕ್ಕೆ ತೆಗೆದುಕೊಂಡೆ. ಆನಂದಪ್ಪ ಹಗ್ಗ ಎಸೆದು ನಮ್ಮನ್ನು ದಡಕ್ಕೆಳೆದ.

ವನಜಮ್ಮ ಇಳಿದವಳೇ ಓಡಿಹೋಗಿ ಮಗುವನ್ನೆತ್ತಿ ಎದೆಗಪ್ಪಿಕೊಂಡಳು. ನನಗೆ ಕಾಲು ತೊಳೆಯಲು ನೀರು ಬಂತು, ಆರತಿ ಬಂತು. ಅಳಿಯನ ಮರ್ಯಾದೆಗೆ ಏನೂ ಕಮ್ಮಿಯಾಗಲಿಲ್ಲ. ಊಟಕ್ಕೆ ಕೂತಾಗ ಹೋಳಿಗೆಯ ಪರಿಮಳಕ್ಕೆ ನನ್ನ ಧೈರ್ಯವೂ ಮರಳಿತು. ನನಗೆ ಹಾಕಿದ್ದ ಮಣೆ ಕುಟುಕುಟು ಅಲ್ಲಾಡುತ್ತಿತ್ತು.

"ಅತ್ತೇ, ಈ ಮಣೆ ಮಾಡಿದವನು ಯಾರು? ಶುದ್ಧ ಹೆಡ್ಡ! ಸುತ್ತಿಗೆ ಕೊಡಿ, ಒಂದು ನಿಮಿಷದಲ್ಲಿ ಸರಿ ಮಾಡ್ತೀನಿ" ಎಂದೆ.

"ಅಳಿಯಂದ್ರಿಗೇ ಅಂತ ಹೊಸದಾಗಿ ಹಾಕಿದ್ದು ಕಣಪ್ಪ. ವನಜಿ ಕಳ್ಸಿದ್ಲು" ಎಂದರು ಅತ್ತೆ.

ಎದ್ದು ಮಣೆಯನ್ನು ತಿರುವಿ ನೋಡಿದೆ. ಅಡಿಯಲ್ಲಿ ಹಿತ್ತಾಳೆ ಉಂಗುರ! ಅದರ ಮೇಲೆ ಮಣೆ ಅಲ್ಲಾಡದೆ ಇನ್ನೇನು ಮಾಡೀತು? ಸದ್ದಿಲ್ಲದೆ ಮತ್ತೆ ಹಾಕಿಕೊಂಡು ಕೂತೆ. ಸಾಲಾಗಿ ಕೂತಿದ್ದ ಬಂಧುಬಳಗದ ಕಣ್ಣೆಲ್ಲ ನನ್ನ ಮೇಲಿತ್ತು.

ಹೋಳಿಗೆ ಬಡಿಸುತ್ತ ಬಂದ ವನಜಮ್ಮ ನನ್ನ ಪಕ್ಕದಲ್ಲಿ ನಿಂತಳು. ಪಾತ್ರೆ ಕೆಳಗಿಟ್ಟಳು. ತೊಟ್ಟಿಲಿನ ಕೂಸಿಗೆ ಬಗ್ಗುವ ಹಾಗೆ ನಾಜೂಕಾಗಿ ಬಗ್ಗಿ, ನನ್ನ ಕಿವಿಗೆ ಬಾಯಿಟ್ಟು, ಶಾಸ್ತ್ರೋಕ್ತವಾಗಿ ಮೂರು ಸಲ ಪಿಸುಗುಟ್ಟಿದಳು:

"ಮುಚ್ಚಳ... ಮುಚ್ಚಳ... ಮುಚ್ಚಳ."

ಹಿಂದೆಯೇ ಕಾದು ನಿಂತಿದ್ದ ಹೆಂಗಸರು, ಲೋಕಮ್ಮನನ್ನು ಮುಂದಿಟ್ಟುಕೊಂಡು, ಬಾಕಿಯಿದ್ದ ಗುದ್ದುಗಳನ್ನೆಲ್ಲ ನನ್ನ ಬೆನ್ನಿಗೆ ಹಾಕಿದರು.