ಹುಲಿ ಕಂಬಳಿಯ ಭಾರತ ದರ್ಶನ

"ಈ ಸಲ ಈ ಧನರಾಜ್ ಯಾರದ್ದೂ ಒಂದು ಪೊಟ್ಟಣ ಹೊರುವುದಿಲ್ಲ. ಖಲಾಸ್!"

ಹೀಗೆಂದು ನಾನು ಘೋಷಿಸುವಾಗ ನನ್ನ ಬಲಗೈ ಗಾಳಿಯಲ್ಲಿತ್ತು, ಎಡಗೈಯಲ್ಲಿ ಚಹಾ ಇತ್ತು. ಕುವೈತಿನ ಮಹಬೂಲಾದ ನಮ್ಮ ಫ್ಲ್ಯಾಟಿನಲ್ಲಿ ಆ ಹೊತ್ತಿಗೆ ಸಭಿಕರು ಇಬ್ಬರೇ. ಹೆಂಡತಿ ಸುಗಂಧಿ ಬಟಾಟೆಯ ಸಿಪ್ಪೆ ತೆಗೆಯುತ್ತಿದ್ದಳು. ಎಂಟನೇ ಕ್ಲಾಸಿನ ಮಗಳು ಶರಣ್ಯಾಳ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಮಹಾಪುರುಷರ ಘೋಷಣೆಗಳಿಗೆ ಮೊದಲ ದಿನ ಇಷ್ಟೇ ಜನ ಸೇರುವುದು, ನನಗೇನೂ ಬೇಜಾರಾಗಲಿಲ್ಲ.

ಕುವೈತಿನಲ್ಲಿರುವವರಿಗೆ ಪೊಟ್ಟಣದ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನೀವು ಊರಿಗೆ ಟಿಕೆಟ್ ಮಾಡುತ್ತೀರಿ. ಟಿಕೆಟ್ ನಿಮ್ಮ ಮೊಬೈಲಿಗೆ ಬರುವ ಮೊದಲೇ ಸುದ್ದಿ ಊರೆಲ್ಲ ಹೋಗಿರುತ್ತದೆ! "ಹೊರಟದ್ದಂತಲ್ಲಾ? ನಮ್ಮದೊಂದು ಸಣ್ಣ ಪೊಟ್ಟಣ ಉಂಟು" ಎನ್ನುತ್ತಾ ಜನ ಬರುತ್ತಾರೆ. ಸಣ್ಣ ಪೊಟ್ಟಣ ಎಂದರೆ ಹಾಲಿನ ಪುಡಿಯ ದೊಡ್ಡ ಡಬ್ಬ, ಖರ್ಜೂರ, ನೋವಿನ ಎಣ್ಣೆ, ಸೆಂಟಿನ ಬಾಟಲಿ, ಒಂದು ಸಲ ಪ್ರೆಶರ್ ಕುಕ್ಕರ್! ಕೊನೆಗೆ ವಿಮಾನದಲ್ಲಿ ನಮ್ಮದೆಂದು ಇರುವುದು ನಾವು ಉಟ್ಟ ಬಟ್ಟೆ ಮಾತ್ರ. ಊರಿಗೆ ಮುಟ್ಟಿದ ಮೇಲೆ ರಜೆಯ ಅರ್ಧ ಪೊಟ್ಟಣ ಹಂಚುವುದರಲ್ಲಿ ಹೋಗುತ್ತದೆ, ಇನ್ನರ್ಧ ಗೃಹಪ್ರವೇಶ, ಭೂತಕೋಲ, ಮದುವೆ, ಹಲ್ಲಿನ ಡಾಕ್ಟರು ಎಂದು ಹೋಗುತ್ತದೆ.

ಇದರಿಂದ ನಿಜವಾಗಿ ನಷ್ಟವಾದದ್ದು ಸುಗಂಧಿಗೆ. ಮದುವೆಯಾದ ಹೊಸತರಲ್ಲಿ ಅವಳು ನನ್ನಲ್ಲಿ ಕೇಳಿದ್ದು ಒಂದೇ ಒಂದು. ಚಿನ್ನ ಅಲ್ಲ, ಕಾರಲ್ಲ, ತಾಜ್ ಮಹಲಿನ ಎದುರು ನಿಂತು ಒಂದು ಫೋಟೊ! "ಮುಂದಿನ ವರ್ಷ ನೋಡುವ" ಎಂದಿದ್ದೆ. ಆ ಮುಂದಿನ ವರ್ಷ ಬರಲೇ ಇಲ್ಲ. ಈಗ ಮಗಳು ನನ್ನ ಭುಜದವರೆಗೆ ಬಂದಿದ್ದಾಳೆ.

"ಕೇಳು ಮಾರಾಯ್ತಿ" ಎಂದೆ. "ಈ ಡಿಸೆಂಬರಿನಲ್ಲಿ ನಾವು ಊರಿಗೆ ಹೋಗುವುದೇ ಇಲ್ಲ. ದಿಲ್ಲಿ, ಜೈಪುರ, ಆಗ್ರಾ, ಕಾಶಿ! ಭಾರತದ ಸಾಂಸ್ಕೃತಿಕ ಪರಂಪರೆ! ಮಂಗಳೂರಿಗೆ ಹೋದರೆ ತಾನೇ ಮಂಗಳೂರಿನ ಪೊಟ್ಟಣ?"

ಸುಗಂಧಿಯ ಕೈಯಲ್ಲಿದ್ದ ಬಟಾಟೆ ಹಾಗೇ ನಿಂತಿತು. "ತಾಜ್ ಮಹಲಾ? ದೇವರಾಣೆ?"

"ದೇವರಾಣೆ."

"ನಿಮ್ಮ ಮಂಡೆ ಒಂದೊಂದು ಸಲ ಓಡ್ತದೆ ಮಾರಾಯ್ರೇ!" ಎಂದಳು. ಅವತ್ತೇ ಕಪಾಟು ತೆರೆದು, ಫೋಟೊಕ್ಕೆಂದು ನವಿಲು ಬಣ್ಣದ ಸೀರೆಯೊಂದನ್ನು ತೆಗೆದಿಟ್ಟಳು.

ಇಷ್ಟಕ್ಕೆ ಬಾಯಿ ಮುಚ್ಚಿ ಕೂತಿದ್ದರೆ ನಾನು ಧನರಾಜನೇ ಅಲ್ಲ. ನಾನು ಶುವೈಖ್‌ನ ಒಂದು ಗ್ಯಾರೇಜಿನಲ್ಲಿ ಸ್ಟೋರ್ ಕೀಪರ್. ನಮ್ಮ ಅಕೌಂಟೆಂಟ್ ಡೋಲ್ಫಿ ಹಿಂದಿನ ವರ್ಷ ಹೆಂಡತಿ ಫೆಲ್ಸಿಯನ್ನು ಕರೆದುಕೊಂಡು ಜಾರ್ಜಿಯಾಕ್ಕೆ ಹೋಗಿ ಬಂದವ. ಹಿಮದ ಫೋಟೊಗಳನ್ನು ಅಂದಿನಿಂದ ತೋರಿಸುತ್ತಿದ್ದಾನೆ, ಇನ್ನೂ ಮುಗಿದಿಲ್ಲ. ಅವನೆದುರು ನನಗೆ ತಡೆಯಲಾಗಲಿಲ್ಲ.

"ಹಿಮ ನಮ್ಮ ಫ್ರೀಜರಿನಲ್ಲೂ ಉಂಟು ಡೋಲ್ಫಿ. ಪರಂಪರೆ ನೋಡಬೇಕು, ಪರಂಪರೆ!" ಎಂದು ಊರುಗಳ ಹೆಸರೆಲ್ಲ ಹೇಳಿಬಿಟ್ಟೆ. ಆಮೇಲೆ ನೆನಪಾಗಿ, "ಯಾರಿಗೂ ಹೇಳಬೇಡ ಆಯ್ತಾ" ಎಂದೆ.

"ಛೆ ಛೆ! ನನ್ನ ಹೊಟ್ಟೆಯೊಳಗೆ ಹೋದದ್ದು ಹೊರಗೆ ಬರ್ಲಿಕ್ಕಿಲ್ಲ ಮಾರಾಯ."

ಬಂತು. ಹತ್ತು ಗಂಟೆಯ ಚಹಾಕ್ಕೇ ಬಂತು!

ಸ್ಟೋರಿನ ಬಾಗಿಲಲ್ಲಿ ನಾಲ್ವರು ಸಾಲಾಗಿ ನಿಂತಿದ್ದರು. ಆಗ ನನ್ನ ಓಡುವ ಮಂಡೆಗೆ ಒಂದು ವಿಷಯ ಹೊಳೆಯಿತು. ಗ್ಯಾರೇಜಿನಲ್ಲಿ ಮಂಗಳೂರಿನವರು ಎಂದರೆ ನಾನು, ಡೋಲ್ಫಿ ಇಬ್ಬರೇ. ವೆಲ್ಡರ್ ದಿಲ್ಲಿಯವ. ಡ್ರೈವರ್ ಗಿರ್ಧಾರಿ ಜೈಪುರದವ. ಹೆಡ್ ಮೆಕ್ಯಾನಿಕ್ ನಫೀಸ್ ಭಾಯಿ ಆಗ್ರಾದವ. ಪೇಂಟರ್ ಕಾಶಿಯವ. ಮಂಗಳೂರಿನ ಪೊಟ್ಟಣದಿಂದ ತಪ್ಪಿಸಿಕೊಳ್ಳಲು ನಾನು ಆರಿಸಿದ್ದು ಸರಿಯಾಗಿ ಇವರದ್ದೇ ಊರುಗಳು!

"ಸಾಬ್" ಎಂದ ನಫೀಸ್ ಭಾಯಿ, ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತಾ. "ನಿಮ್ಮ ಮಂಗಳೂರಿಗೆ ದಿನಾ ಯಾರಾದರೂ ಹೋಗ್ತಾರೆ. ನನ್ನ ಊರಿಗೆ ಇಲ್ಲಿಂದ ಒಬ್ಬನೂ ಹೋದದ್ದಿಲ್ಲ. ಅಮ್ಮಿಗೆ ಚಳಿಗೆ ಒಂದು ಸಣ್ಣ ಪೊಟ್ಟಣ, ಅಷ್ಟೇ."

ಹೀಗೆ ಹೇಳಿದರೆ ಎಂತ ಮಾಡುವುದು ಹೇಳಿ! ನನ್ನ ಬಾಯಿ "ಇಲ್ಲ" ಎನ್ನಲು ಹೊರಟು "ಕೊಡು ಭಾಯಿ" ಎಂದುಬಿಟ್ಟಿತು. ಹಿಂದಿನಿಂದ ಮೂವರೂ ಒಟ್ಟಿಗೆ "ಶುಕ್ರಿಯಾ ಸಾಬ್!" ಎಂದರು.

ನಫೀಸ್ ಭಾಯಿಯ ಆ ಸಣ್ಣ ಪೊಟ್ಟಣ ಮನೆಗೆ ಬಂದಾಗ ನಮ್ಮ ಬಾಗಿಲಿಗೆ ಅಡ್ಡ ಸಿಕ್ಕಿಹಾಕಿಕೊಂಡಿತು. ಅದು ಕಂಬಳಿ. ಗಲ್ಫಿನ ಡಬಲ್ ಕಂಬಳಿ! ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಉಸಿರುಗಟ್ಟಿಸಿ ತುಂಬಿದ್ದರು. ಅದರ ಮೇಲೆ ಬಾಯಿ ತೆರೆದ ಒಂದು ಹುಲಿಯ ಮುಖ, ಇಡೀ ಅಗಲಕ್ಕೆ.

"ಪೊಟ್ಟಣ ಹೊರುವುದಿಲ್ಲ ಅಂತ ಯಾರೋ ಹೇಳಿದ ಹಾಗಿತ್ತು" ಎಂದಳು ಸುಗಂಧಿ.

"ಮಂಗಳೂರಿನ ಪೊಟ್ಟಣ ಎಂದದ್ದು."

"ಓಹೋ! ಈಗ ಇದನ್ನು ಎಲ್ಲಿ ತುಂಬುವುದು? ನನ್ನ ಸೀರೆ ತೆಗೆದರೆ ತಾಜ್ ಮಹಲಿನ ಎದುರು ನಾನು ನೈಟಿಯಲ್ಲಿ ನಿಲ್ಲುವುದಾ?"

ಸೀರೆ ತೆಗೆಯುವ ಧೈರ್ಯ ಯಾರಿಗಿದೆ? ನನ್ನ ಜಾಕೆಟ್ ಹೊರಗೆ ಬಂತು. ಎರಡು ಸ್ವೆಟರ್ ಹೊರಗೆ ಬಂದವು. ಉಣ್ಣೆಯ ಟೊಪ್ಪಿಯೂ ಬಂತು. "ಉತ್ತರ ಭಾರತದ ಚಳಿ ಎಂತ ಮಹಾ! ಮರುಭೂಮಿಯ ಚಳಿ ಕಂಡವ ನಾನು!" ಎಂದು ಎದೆ ತಟ್ಟಿದೆ. ಆ ತಟ್ಟಿದ ಎದೆಯೇ ಮುಂದೆ ಗಡಗಡ ನಡುಗಿತು.

ದಿಲ್ಲಿಯಲ್ಲಿ ನಾವು ಕೆಂಪುಕೋಟೆ ನೋಡಬೇಕಾಗಿತ್ತು. ನೋಡಿದ್ದು ವೆಲ್ಡರನ ತಂಗಿಯ ಮನೆಯ ಹಾಲ್. ಅವನು "ದಿಲ್ಲಿಯೇ ಸಾಬ್" ಎಂದ ಆ ಮನೆ ದಿಲ್ಲಿ ಮುಗಿದು, ಹೊಲ ಗದ್ದೆ ಸುರುವಾಗಿ, ಆಮೇಲೆ ಸಿಕ್ಕಿತು. ತಂಗಿ ನಮ್ಮನ್ನು ಕೂರಿಸಿ ಗಜ್ಜರಿ ಹಲ್ವ ತಿನ್ನಿಸಿದಳು, ಅಣ್ಣನಿಗೆ ವಿಡಿಯೊ ಕಾಲ್ ಮಾಡಿದಳು, ಅತ್ತಳು, ನಕ್ಕಳು, ಪುನಃ ಹಲ್ವ ಬಡಿಸಿದಳು. ವಾಪಸ್ ಬರುವಾಗ ಕೋಟೆಗೆ ಬೀಗ ಬಿದ್ದಿತ್ತು.

"ಪಪ್ಪಾ, ದಿಸ್ ಈಸ್ ನಾಟ್ ಟೂರ್. ದಿಸ್ ಈಸ್ ಹೋಮ್ ಡೆಲಿವರಿ" ಎಂದಳು ಶರಣ್ಯಾ.

ಜೈಪುರದಲ್ಲಿ ಹವಾ ಮಹಲನ್ನು ಆಟೋದ ಎಡಬದಿಯಿಂದ ನೋಡಿದೆವು. ಬಲಬದಿಗೆ ಕೂತ ನನಗೆ ಅದೂ ಸಿಗಲಿಲ್ಲ! ಗಿರ್ಧಾರಿಯ ಅಪ್ಪ ದೊಡ್ಡ ಪಗಡಿಯ ಮುದುಕರು. ಮಗನ ಊಟದ ಬಗ್ಗೆ ಕೇಳಿದರು, ಮಗನ ಕಫೀಲ್, ಅಂದರೆ ಅಲ್ಲಿಯ ಧಣಿ, ಒಳ್ಳೆಯವನಾ ಎಂದು ಕೇಳಿದರು, ನಡುನಡುವೆ ನನ್ನ ತಟ್ಟೆಗೆ ಸೌಟಿನಲ್ಲಿ ತುಪ್ಪ ಸುರಿದರು. ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೇ ಸುರಿದರು. ಆ ಊಟ ಮುಗಿಸಿ ಏಳುವಷ್ಟರಲ್ಲಿ ಗುರುವಾರದ ಆಗ್ರಾ ರೈಲು ನಮ್ಮನ್ನು ಬಿಟ್ಟು ಹೋಗಿತ್ತು.

ಸುಗಂಧಿಯ ಮುಖ ಸಣ್ಣದಾಯಿತು. "ತಾಜ್ ಮಹಲ್ ತಪ್ಪಿತಾ?"

"ತಪ್ಪುವುದಾ? ಒಳ್ಳೆಯದೇ ಆಯ್ತು!" ಎಂದೆ ನಾನು, ತುಪ್ಪದ ತೇಗಿನೊಂದಿಗೆ. "ನಾಳೆ ಶುಕ್ರವಾರ! ಆರಾಮದಲ್ಲಿ ನೋಡಿ, ಸಂಜೆ ಕಾಶಿಯ ರೈಲು ಹಿಡಿಯುವ."

ನೋಡಿ, ಇಷ್ಟು ವರ್ಷ ಕುವೈತಿನಲ್ಲಿದ್ದವನಿಗೆ ಶುಕ್ರವಾರ ಎಂದರೆ ರಜೆ. ನೆಂಟರ ಮನೆಗೆ ಹೋಗುವುದು ಶುಕ್ರವಾರ, ಸಮುದ್ರದ ಹತ್ತಿರ ಹೋಗುವುದು ಶುಕ್ರವಾರ, ಬಿರಿಯಾನಿ ತಿನ್ನುವುದೂ ಶುಕ್ರವಾರ. ತಿರುಗಾಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನವೇ ಇಲ್ಲವೆಂದು ನನ್ನ ರಕ್ತದಲ್ಲಿ ಸೇರಿಹೋಗಿದೆ.

ಆಗ್ರಾ ಸ್ಟೇಷನ್ನಿನಲ್ಲಿ ಇಳಿದರೆ ಮಂಜು. ನಮ್ಮ ಸೂಟ್‌ಕೇಸ್ ನಮಗೇ ಕಾಣಿಸದಂಥ ಮಂಜು! ಮರುಭೂಮಿಯ ಚಳಿ ಕಂಡವನ ಹಲ್ಲುಗಳು ಟಕಟಕ ಎನ್ನತೊಡಗಿದವು. ಸುಗಂಧಿ ಒಂದು ನಿಮಿಷ ನೋಡಿದಳು. ಆಮೇಲೆ ಹುಲಿಯ ಜಿಪ್ಪಿಗೆ ಕೈ ಹಾಕಿದಳು.

"ಎಂತ ಮಾಡ್ತೀ! ಬೇರೆಯವರ ಪೊಟ್ಟಣ ಅದು!"

"ಬೇರೆಯವರ ಪೊಟ್ಟಣ ಹೊರುವುದಿಲ್ಲ ಅಂದದ್ದು ನೀವು. ಹೊದೆಯುವುದಿಲ್ಲ ಅಂತ ಹೇಳ್ಲಿಲ್ಲ. ಸುಮ್ಮನೆ ಹೊದ್ದುಕೊಳ್ಳಿ, ಇಲ್ಲಿ ನಿಮಗೆ ಜ್ವರ ಬಂದರೆ ನಾನು ತಾಜ್ ನೋಡುವುದಾ, ಕಷಾಯ ಮಾಡುವುದಾ?"

ಜಿಪ್ ತೆರೆದದ್ದೇ ತಡ, ಕಂಬಳಿ ಬುಸ್ಸೆಂದು ಉಬ್ಬಿ ಪ್ಲ್ಯಾಟ್‌ಫಾರಂ ತುಂಬ ಹರಡಿತು. ಅದನ್ನು ಹೊದ್ದೆ. ಹುಲಿಯ ಮುಖ ಸರಿಯಾಗಿ ನನ್ನ ಹೊಟ್ಟೆಯ ಮೇಲೆ ಬಂತು. ಹಾದುಹೋಗುತ್ತಿದ್ದ ಮಗುವೊಂದು ಕಿರುಚಿ ಅಮ್ಮನ ಸೆರಗು ಹಿಡಿಯಿತು. ಶರಣ್ಯಾ ತಾನು ಬೇರೆ ಮನೆಯವಳು ಎಂಬಂತೆ ದೂರ ಹೋಗಿ ನಿಂತಳು.

ಸುಗಂಧಿ ವೇಯ್ಟಿಂಗ್ ರೂಮಿನಲ್ಲಿ ನವಿಲು ಬಣ್ಣದ ಸೀರೆ ಉಟ್ಟಳು, ಲಿಪ್‌ಸ್ಟಿಕ್ ಹಚ್ಚಿದಳು, ಮಲ್ಲಿಗೆ ಸಿಗದೆ ಗುಲಾಬಿ ಮುಡಿದಳು. ಆಟೋ ಹತ್ತಿ ಗತ್ತಿನಿಂದ "ತಾಜ್ ಮಹಲ್!" ಎಂದೆ.

ಆಟೋದವ ತಿರುಗಿ ಮೊದಲು ಹುಲಿಯನ್ನು, ಆಮೇಲೆ ನನ್ನನ್ನು ನೋಡಿದ. "ಇವತ್ತು ಶುಕ್ರವಾರ ಸಾಬ್. ಶುಕ್ರವಾರ ತಾಜ್ ಬಂದ್."

"ಬಂದಾ? ರಜೆಯ ದಿನ ಯಾರಾದರೂ ಮುಚ್ತಾರಾ?"

"ಯಾರ ರಜೆ ಸಾಬ್?" ಎಂದ ಅವನು, ನಿಜವಾಗಿಯೂ ಅರ್ಥವಾಗದೆ.

ಸುಗಂಧಿ ಬೈಯುತ್ತಾಳೆ ಎಂದು ತಲೆ ತಗ್ಗಿಸಿ ಕೂತೆ. ಬೈದಿದ್ದರೆ ಸಾಕಿತ್ತು. ಅವಳು ಮುಡಿಯ ಗುಲಾಬಿಯನ್ನು ಸುಮ್ಮನೆ ಸರಿಮಾಡಿಕೊಂಡು, ಮಂಜಿನ ಕಡೆ ನೋಡುತ್ತಾ, "ಇರಲಿ ಬಿಡಿ. ಮುಂದಿನ ವರ್ಷ ನೋಡುವ" ಎಂದಳು.

ನನ್ನದೇ ಮಾತು! ಇಷ್ಟು ವರ್ಷ ನಾನು ಸಲೀಸಾಗಿ ಹೇಳಿದ ಮಾತು ಕೇಳುವವರಿಗೆ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಕಂಬಳಿಯೊಳಗೆ ನನಗೆ ಬೆವರು ಬಂತು, ಅಳುವೂ ಬಂತು.

ಬೇರೆ ಎಂತ ಮಾಡುವುದು? ಪೊಟ್ಟಣವಾದರೂ ಮುಟ್ಟಿಸುವ ಎಂದು ನಫೀಸ್ ಭಾಯಿಯ ಮನೆಗೆ ಹೋದೆವು. ಗಲ್ಲಿಯೊಳಗೆ ಗಲ್ಲಿ, ಅದರೊಳಗೆ ಒಂದು ಹಸಿರು ಬಾಗಿಲು. ಬಾಗಿಲು ತೆರೆದ ಅಮ್ಮಿ ಗಿಡ್ಡಗೆ, ದುಂಡಗೆ ಇದ್ದರು. ಎದುರಿಗೆ ಹುಲಿ ಕಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಅಮ್ಮಿ, ಕುವೈತಿನಿಂದ ನಿಮ್ಮ ಮಗ ಕಂಬಳಿ ಕಳಿಸಿದ್ದಾರೆ" ಎಂದೆ.

"ಎಲ್ಲಿ ಬೇಟಾ?"

"ಇದೇ" ಎಂದೆ, ಮೆಲ್ಲಗೆ.

ಅಮ್ಮಿ ಸೊಂಟಕ್ಕೆ ಕೈಯಿಟ್ಟು ನಕ್ಕದ್ದಕ್ಕೆ ಪಕ್ಕದ ಮನೆಯವರೆಲ್ಲ ಹೊರಗೆ ಬಂದರು. ಬಿಸಿ ಬಿಸಿ ಚಹಾ ಬಂತು. ಶುಕ್ರವಾರದ ಕತೆಯನ್ನು ಸುಗಂಧಿ ಕುವೈತಿನಲ್ಲಿ ಕಲಿತ ಹಿಂದಿಯಲ್ಲಿ ಹೇಳಿದಳು. ಅಮ್ಮಿ ಅವಳ ಕೈ ಹಿಡಿದು ಎಬ್ಬಿಸಿದರು.

"ಗೇಟಿಗೆ ಬೀಗ ಹಾಕಬಹುದು ಬೇಟಿ. ನನ್ನ ತಾರಸಿಗೆ ಯಾರು ಬೀಗ ಹಾಕ್ತಾರೆ? ಚಲೋ!"

ತಾರಸಿಯಲ್ಲಿ ಒಣಹಾಕಿದ ಬಟ್ಟೆ, ನೀರಿನ ಟಾಂಕಿ, ಒಂದು ಆಡು. ಅದರಾಚೆ ಬರೀ ಬಿಳಿ. ಕಾದೆವು. ಚಹಾ ಇನ್ನೊಂದು ಸುತ್ತು ಬಂತು. ಮಧ್ಯಾಹ್ನದ ಬಿಸಿಲು ಸ್ವಲ್ಪ ಜೋರಾದದ್ದೇ, ಆ ಬಿಳಿಯೊಳಗೆ ಇನ್ನೊಂದು ಬಿಳಿ ಕಂಡಿತು. ಮೊದಲು ಗುಮ್ಮಟದ ತುದಿ, ಆಮೇಲೆ ಭುಜ, ಆಮೇಲೆ ಇಡೀ ತಾಜ್ ಮಹಲ್! ಟಿಕೆಟ್ ಇಲ್ಲ, ಕ್ಯೂ ಇಲ್ಲ, ಅಡ್ಡ ನಿಲ್ಲುವ ಜನ ಇಲ್ಲ.

"ಅಯ್ಯೋ ದೇವರೇ!" ಎಂದಳು ಸುಗಂಧಿ. ಅಮ್ಮಿಯ ಕೈ ಹಿಡಿದುಕೊಂಡು ಅತ್ತಳು, ಲಿಪ್‌ಸ್ಟಿಕ್ ಹಾಳಾಗದ ಹಾಗೆ ನೋಡಿಕೊಂಡು ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು, ಒರೆಸಲು ಕಂಬಳಿ ಇತ್ತು.

ಶರಣ್ಯಾ ಫೋಟೊ ತೆಗೆದಳು. ನವಿಲು ಸೀರೆಯ ಸುಗಂಧಿ, ಅವಳ ಹೆಗಲಿಗೆ ಒರಗಿದ ಅಮ್ಮಿ, ಹಿಂದೆ ತಾಜ್ ಮಹಲ್. ಪಕ್ಕದಲ್ಲಿ ಹೊಟ್ಟೆಯ ಮೇಲೆ ಬಾಯಿ ತೆರೆದ ಹುಲಿಯೊಂದಿಗೆ ನಾನು. ಆ ಫೋಟೊ ಅವತ್ತೇ ಸುಗಂಧಿಯ ವಾಟ್ಸಾಪ್ ಡಿಪಿ ಆಯಿತು. ಹೊರಡುವಾಗ ಕಂಬಳಿಯನ್ನು ಅಮ್ಮಿಯ ಮಂಚದ ಮೇಲೆ ಮಡಚಿಟ್ಟೆ. ಅಮ್ಮಿ ನನ್ನ ನಡುಗುವ ಭುಜ ನೋಡಿ, ನಫೀಸ್ ಭಾಯಿಯ ಹಳೆಯ ಸ್ವೆಟರ್ ತಂದು ತೊಡಿಸಿಯೇ ಕಳಿಸಿದರು. ಕಾಶಿಯಲ್ಲಿ ಗಂಗಾರತಿ ನೋಡಿದ್ದು ಆ ಸ್ವೆಟರಿನಲ್ಲೇ.

ಕುವೈತಿಗೆ ಮರಳಿದ ಮೊದಲ ದಿನ, ಗ್ಯಾರೇಜಿನಲ್ಲಿ ನಫೀಸ್ ಭಾಯಿ ನನ್ನ ಮೊಬೈಲ್ ಹಿಡಿದು ಎಷ್ಟೋ ಹೊತ್ತು ಆ ಫೋಟೊ ನೋಡಿದ. ಅಮ್ಮಿಯ ಮುಖವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ. ಕಣ್ಣು ಒರೆಸಿಕೊಂಡ. ಆಮೇಲೆ ಬೆರಳು ಮೆಲ್ಲಗೆ ಎಡಕ್ಕೆ, ನಾನು ನಿಂತ ಕಡೆಗೆ ಸರಿಯಿತು.

"ಸಾಬ್, ಅಮ್ಮಿ ಚೆನ್ನಾಗಿ ಬಂದಿದ್ದಾರೆ. ಭಾಭಿಯೂ ಚೆನ್ನಾಗಿ ಬಂದಿದ್ದಾರೆ. ಅಮ್ಮಿಯ ಕಂಬಳಿ ನಿಮ್ಮ ಮೇಲೆ ಯಾಕೆ ಬಂದಿದೆ?"

ಡೋಲ್ಫಿ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಅಂದಿನಿಂದ ಗ್ಯಾರೇಜಿನಲ್ಲಿ ನನಗೆ "ಶೇರ್ ಸಾಬ್", ಅಂದರೆ ಹುಲಿ ಸಾಹೇಬ, ಎಂದೇ ಹೆಸರು.

ಸಂಜೆ ಮನೆಗೆ ಬಂದು, ಬಲಗೈ ಗಾಳಿಗೆತ್ತಿ ಪುನಃ ಘೋಷಿಸಿದೆ. "ಸಾಕು! ಮುಂದಿನ ವರ್ಷ ಯಾರದ್ದೂ ಪೊಟ್ಟಣ..."

"ಕೈ ಕೆಳಗಿಳಿಸಿ" ಎಂದಳು ಸುಗಂಧಿ. "ಮುಂದಿನ ವರ್ಷ ಕಾಶ್ಮೀರ. ಮೇಲಿನ ಮಾಳಿಗೆಯ ನರ್ಸ್ ರೋಶ್ನಿಯ ಜೊತೆ ಕೆಲಸ ಮಾಡುವವರ ಮನೆ ಅಲ್ಲಿಯ ಸರೋವರದ ಎದುರಿಗೇ ಉಂಟಂತೆ. ಸಣ್ಣದೊಂದು ಪೊಟ್ಟಣ ಕೊಡ್ತಾರಂತೆ. ನಾನೇ ಕೇಳಿ ಒಪ್ಪಿಕೊಂಡೆ."

"ನೀನೇ ಕೇಳಿದ್ದಾ! ಎಂತ ಪೊಟ್ಟಣ?"

"ಅಪ್ಪನಿಗೆ ಕಂಬಳಿ ಕಳಿಸುವುದು ಅಂತಿತ್ತಂತೆ" ಎಂದಳು, ಬಟಾಟೆಯಿಂದ ತಲೆ ಎತ್ತದೆ. "ನನ್ನ ಡಿಪಿಯಲ್ಲಿ ನಿಮ್ಮನ್ನು ನೋಡಿದ ಮೇಲೆ, ಹಾಲಿನ ಪುಡಿಯೇ ಸಾಕು ಅಂದರಂತೆ."