ಹಸಿದ ಅಕ್ಕೋರು

ತಮ್ಮ ಸಿಟ್ಟಿನ ಬಗ್ಗೆ ಹೇಳಿಕೊಳ್ಳುವಾಗ ಕೆಲವರು ಅದಕ್ಕೆ ಸ್ವಲ್ಪ ಹೆಮ್ಮೆಯನ್ನೂ ಬೆರೆಸುತ್ತಾರೆ. ‘ಸಿಟ್ಟು ಬಂದರೆ ನಾನು ಮನುಷ್ಯಳೇ ಅಲ್ಲ’ ಎನ್ನುವಾಗ ಅವರ ಮುಖ ನೋಡಬೇಕು, ಬಹುಮಾನ ಬಂದ ಸುದ್ದಿ ಹೇಳುವ ಹಾಗಿರುತ್ತದೆ. ನಾನೂ ಆ ಪೈಕಿಯವಳೇ ಆಗಿದ್ದೆ. ನಿಲ್ಕುಂದದ ನನ್ನ ತವರಿನಲ್ಲಿ ಸಿಟ್ಟು ಎಂಬುದು ಉದ್ದ ಮೂಗಿನ ಹಾಗೆ ವಂಶದಲ್ಲೇ ಬಂದದ್ದು ಎಂದು ಎಲ್ಲರೂ ನಂಬಿದ್ದರು. ಮೂಗು ನನಗೆ ಬರಲಿಲ್ಲ. ಇನ್ನೊಂದಾದರೂ ಬಂತಲ್ಲ ಎಂಬ ಸಮಾಧಾನ ಇತ್ತು.

ಶಿರಸಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಎನ್ನುವುದು. ತೊಂಬತ್ತರ ದಶಕದ ಕೊನೆಯ ಮಾತಿದು. ಹತ್ತಿರದ ಇಸಳೂರಿನಲ್ಲಿ ಆಗಷ್ಟೇ ಮನೆ ಕಟ್ಟಿಸಿಕೊಂಡು ಬಂದಿದ್ದೆವು. ಬೆಳಿಗ್ಗೆ ಐದಕ್ಕೆ ಎದ್ದು, ಒಂದು ಲೋಟ ಚಹಾ ಕುಡಿದು, ಕಾವಲಿಯ ಮುಂದೆ ನಿಂತರೆ ತೆಳ್ಳೇವು ಹುಯ್ಯುವುದು ಶುರು. ತೆಳ್ಳೇವು ಎಂದರೆ ಕಾಗದದಷ್ಟು ತೆಳ್ಳಗಿನ ದೋಸೆ. ಅದನ್ನು ಬಿಸಿಬಿಸಿಯಾಗಿ ಒಂದೊಂದೇ ತಿನ್ನಬೇಕು, ತಣಿದರೆ ತೊಗಲು. ಹಾಗಾಗಿ ಗಂಡ ತಿನ್ನುತ್ತಾರೆ, ಇಬ್ಬರು ಹೆಣ್ಣುಮಕ್ಕಳು ತಿನ್ನುತ್ತಾರೆ, ಹುಯ್ಯುವವಳ ಸರದಿ ಬರುವಾಗ ಬಸ್ಸಿನ ಹೊತ್ತಾಗಿರುತ್ತದೆ. ‘ಶಾಲೆಗೆ ಹೋಗಿ ಏನಾದರೂ ತಿಂದರಾಯಿತು’ ಎಂದು ಓಡುತ್ತಿದ್ದೆ. ಶಾಲೆಯಲ್ಲಿ ಸಿಗುತ್ತಿದ್ದದ್ದು ಮತ್ತೆ ಚಹಾ. ಮಧ್ಯಾಹ್ನದೊಳಗೆ ನಾಲ್ಕು ಲೋಟವಾದರೂ ಆಗುತ್ತಿತ್ತು. ಮನೆಯಲ್ಲಿ ಕೂತು ತಿಂದು ಹೊರಡುವುದು ವಾರದಲ್ಲಿ ಒಂದೆರಡು ದಿನ ಮಾತ್ರ.

ಸಿಟ್ಟಿಗೆ ಮದ್ದು ಮಾಡಲಿಲ್ಲವೆಂದಲ್ಲ. ಹತ್ತರವರೆಗೆ ಎಣಿಸು ಎಂದು ಯಾರೋ ಹೇಳಿದ್ದರು. ಗಣಿತದವಳಿಗೆ ಹತ್ತು ಎಣಿಸಲು ಎಷ್ಟು ಹೊತ್ತು ಬೇಕು? ಎಣಿಸಿ ಮುಗಿಸಿ ಬೈಯುತ್ತಿದ್ದೆ. ಧ್ಯಾನಶಿಬಿರವೊಂದಕ್ಕೂ ಹೋದೆ. ಕಣ್ಣು ಮುಚ್ಚಿ ಕೂತಾಗ ಪಕ್ಕದಾಕೆ ಜೋರಾಗಿ ಉಸಿರಾಡುತ್ತಾಳೆಂದು ಜಗಳವಾಡಿಕೊಂಡು ಬಂದೆ.

ಹೀಗಿರುವಾಗ ಒಂದು ಸೋಮವಾರ ನಡೆಯಬಾರದ್ದು ನಡೆಯಿತು. ಒಂಬತ್ತನೆಯ ತರಗತಿಯಲ್ಲಿ ಸುಮಂಗಲಾ ಎಂಬ ಹುಡುಗಿ ಇದ್ದಳು. ಎಕ್ಕಂಬಿಯಿಂದ ದಿನಾ ಬಸ್ಸಿನಲ್ಲಿ ಬರುವವಳು, ಬಾಯಲ್ಲಿ ಮಾತು ಕಡಿಮೆ. ಅವತ್ತು ಬಸ್ಸು ತಡವಾಗಿ ಹತ್ತು ನಿಮಿಷ ಕಳೆದು ಬಂದಳು. ಬಾಗಿಲಲ್ಲೇ ನಿಲ್ಲಿಸಿ ಸೂತ್ರವೊಂದನ್ನು ಕೇಳಿದೆ. ಸುಮ್ಮನೆ ನಿಂತಳು. ಎರಡನೆಯ ಸಲ ಕೇಳಿದೆ. ಆಗಲೂ ಸುಮ್ಮನೆ. ನನ್ನ ಕೈ ಏನು ಮಾಡುತ್ತಿದೆ ಎಂದು ನನಗೆ ತಿಳಿಯುವುದರೊಳಗೆ ಅವಳ ಲೆಕ್ಕದ ಪಟ್ಟಿ, ಅಂದರೆ ನೋಟುಬುಕ್ಕು, ಕಿಟಕಿಯಾಚೆ ಹೋಗಿತ್ತು. ಹೊರಗೆ ಮಳೆನೀರು ನಿಂತಿತ್ತು. ‘ಎಮ್ಮೆ ಕಾಯಲು ಹೋಗು’ ಎಂದೂ ಅಂದೆ. ಅವಳು ಅಳಲಿಲ್ಲ. ಇಳಿದು ಹೋಗಿ ಪಟ್ಟಿ ಎತ್ತಿ, ಲಂಗದ ಅಂಚಿನಿಂದ ಒರೆಸಿ, ಬಂದು ಕೂತಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಗುರುವಾರ ಅವಳ ಹೆಸರಿನ ಮುಂದೆ ಮೂರನೆಯ ಗೈರುಹಾಜರಿ ಬರೆದೆ. ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಹುಡುಗಿಯನ್ನು ಮುಂದೆ ನೋಡುವುದು ಮದುವೆಯ ಚಪ್ಪರದಲ್ಲೇ ಎಂಬುದನ್ನು ಹತ್ತು ವರ್ಷದ ಕೆಲಸ ನನಗೆ ಕಲಿಸಿತ್ತು.

ಶುಕ್ರವಾರ ಪಟ್ಟಿಗಳನ್ನು ತಿದ್ದುತ್ತಿದ್ದಾಗ ವೀಣಾಳ ಪಟ್ಟಿಯ ಕೊನೆಯ ಹಾಳೆ ಕಣ್ಣಿಗೆ ಬಿತ್ತು. ವೀಣಾ ಇಸಳೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಅಲ್ಲಿ ಬರೆದಿತ್ತು: ‘ಸೋಮವಾರ, ಪಾತ್ರೆ ಜೋರು, ಮುಚ್ಚಳ ಎರಡು ಸಲ ಬಿತ್ತು, ಜಾಗ್ರತೆ. ಮಂಗಳವಾರ, ಸಾಧಾರಣ. ಬುಧವಾರ, ಸದ್ದಿಲ್ಲ, ಅಕ್ಕೋರು ಕೂತು ತಿಂದರು, ಏನು ಬೇಕಾದರೂ ಕೇಳಬಹುದು.’

ಅವಳನ್ನು ಕರೆಸಿ ಇದೇನೆಂದು ಕೇಳಿದೆ. ವೀಣಾ ನೆಲ ನೋಡುತ್ತ ಹೇಳಿದಳು: “ಅಕ್ಕೋರೆ, ನಿಮ್ಮನೆ ಅಡುಗೆಮನೆ ಕಿಟಕಿ ನಮ್ಮನೆ ಬಾವಿಕಟ್ಟೆ ಬದಿಗೇ ಇದ್ದು. ಬೇಕು ಹೇಳಿ ಕೇಳಿದ್ದಲ್ಲ. ನೀರು ಸೇದಕಾದ್ರೆ ಕೇಳ್ತು.”

“ಕೇಳಿ ಎಲ್ಲರಿಗೂ ಹೇಳುತ್ತೀಯಾ?”

“ಪ್ರಾರ್ಥನೆಗಿಂತ ಮೊದಲು ಹೇಳ್ತಿದ್ದಿ. ನೀವು ತಿಂಡಿ ತಿಂದ ದಿನ ಬೈತಿಲ್ಲೆ, ತಿನ್ನದಿದ್ದ ದಿನ ಬೈತ್ರಿ. ಒಂದು ಸಲವೂ ತಪ್ಪಿದ್ದಿಲ್ಲೆ.” ಮೆಲ್ಲಗೆ ಸೇರಿಸಿದಳು, “ಸೋಮವಾರ ಸುಮಂಗಲಾ ತಡ ಆಗಿ ಬಂತು. ಅದಕ್ಕೆ ಹೇಳಲೆ ಆಜಿಲ್ಲೆ.”

ಬೈಯಬೇಕೆಂದು ಕರೆಸಿದ್ದೆ, ಬೈಯಲಾಗಲಿಲ್ಲ. ವಂಶ, ರಕ್ತ, ಅಜ್ಜನ ಮೂಗು ಎಂದೆಲ್ಲ ನಾನು ಮೂವತ್ತೆಂಟು ವರ್ಷ ಜೋಪಾನ ಮಾಡಿದ್ದನ್ನು ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಾವಿಕಟ್ಟೆಯಲ್ಲಿ ನಿಂತು ಬಿಡಿಸಿಬಿಟ್ಟಿದ್ದಳು. ಆ ವರ್ಷ ನನ್ನ ತರಗತಿಯಲ್ಲಿ ಅಷ್ಟು ಸರಿಯಾಗಿ ಲೆಕ್ಕ ಬಿಡಿಸಿದವರು ಬೇರೆ ಯಾರೂ ಇರಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಎಕ್ಕಂಬಿಗೆ ಹೊರಟೆ. ಗಡಿಬಿಡಿಯಲ್ಲಿ ಅವತ್ತೂ ಬರೀ ಚಹಾ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡೆ. ಕ್ಷಮೆ ಕೇಳುವುದು ಹೇಗೆಂದು ನಮಗೆ ಟ್ರೇನಿಂಗಿನಲ್ಲಿ ಕಲಿಸಿರಲಿಲ್ಲ. ಮನೆಯ ಮುಂದೆ ಸುಮಂಗಲಾಳ ಅಜ್ಜಿ ಗಂಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಯಾರೆಂದು ಹೇಳಿದೆ.

“ಬರ್ರಿ ಅಕ್ಕೋರ, ಒಳಗ ಬರ್ರಿ,” ಎಂದರು. ನಾನು ನಿಂತಲ್ಲೇ ಜೋಡಿಸಿದ ಮಾತು ಶುರುಮಾಡಿದೆ. ಅಜ್ಜಿ ಕೈಯೆತ್ತಿ ತಡೆದರು. “ಮಾತು ಆಮ್ಯಾಲೆ. ಮುಂಜಾನೆ ಏನರ ತಿಂದೀರಿ?”

“ಚಹಾ ಆಗಿದೆ.”

“ಚಾ ಏನ್ ಊಟೇನ್ರಿ? ಕುಂದರ್ರಿ.”

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಗಟ್ಟಿ ಮೊಸರು ಬಂತು. ಮೊದಲನೆಯ ರೊಟ್ಟಿ ಸಂಕೋಚದಲ್ಲಿ ಹೋಯಿತು, ಎರಡನೆಯದು ಹೋದದ್ದೇ ಗೊತ್ತಾಗಲಿಲ್ಲ. ಮೂರನೆಯದರ ಹೊತ್ತಿಗೆ ಇಡೀ ವಾರ ಕಿವಿಯವರೆಗೆ ಏರಿ ಕೂತಿದ್ದ ನನ್ನ ಹೆಗಲು ಕೆಳಗಿಳಿದವು. ಆಗ ನಡೆದದ್ದೆಲ್ಲ ಹೇಳಿದೆ, ಪಟ್ಟಿ ಎಸೆದದ್ದು, ಎಮ್ಮೆಯ ಮಾತು, ಪಾತ್ರೆಯ ಸದ್ದು, ಯಾವುದನ್ನೂ ಬಿಡಲಿಲ್ಲ.

ಗಂಗವ್ವ ಕೇಳಿ ಮುಗಿಸಿ ಹೇಳಿದರು: “ನಮ್ಮ ಹಿತ್ತಲದಾಗ ಒಂದ್ ಎಮ್ಮಿ ಐತ್ರಿ. ಹಸದ್ರ ಹಾಲು ಹಿಂಡಾಕ ಹ್ವಾದವರ್ನ ಒದೀತೈತಿ. ನಾವು ಅದಕ್ಕ ಬುದ್ಧಿ ಹೇಳೂದಿಲ್ಲ, ಹುಲ್ಲು ಹಾಕ್ತೀವಿ.”

ಬಾಗಿಲ ಹಿಂದಿನಿಂದ ನಗೆ ಕೇಳಿತು. ಸುಮಂಗಲಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಶಾಲೆಗೆ ಏಕೆ ಬರಲಿಲ್ಲ ಎಂದು ಕೇಳಿದರೆ, ಒಳಗೆ ಹೋಗಿ ಎರಡು ಪಟ್ಟಿ ತಂದಳು. ಒಂದು ನೀರಿಗೆ ಬಿದ್ದದ್ದು, ಶಾಯಿ ಹರಡಿ ಪುಟಗಳೆಲ್ಲ ನೀಲಿ. ಇನ್ನೊಂದು ಹೊಸದು. “ಮತ್ತ ಬರ್ಯಾಕತ್ತೀನ್ರಿ. ಅರ್ಧ ಆಗೇತ್ರಿ. ಖಾಲಿ ಪಟ್ಟಿ ತಂದ್ರ ನೀವು ಮತ್ತ ಸಿಟ್ಟಾಗ್ತೀರಿ ಅಂತ...”

ತಪ್ಪಾಯಿತು ಎಂದೆ. ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಆ ಒಂದು ಪದ ಇರಲೇ ಇಲ್ಲ ಎಂಬುದು ಆಗ ಗೊತ್ತಾಯಿತು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಉಳಿದರ್ಧ ಬರೆದೆವು. ನಾನು ಹೇಳುತ್ತ ಬರೆಯುತ್ತಿದ್ದರೆ ಅವಳು ಇಣುಕಿ ನೋಡಿ, “ಅಕ್ಕೋರ, ಇಲ್ಲಿ ಮೈನಸ್ ಬರಬೇಕ್ರಿ,” ಎಂದಳು. ಹೌದು, ಬರಬೇಕಿತ್ತು. ಸೋಮವಾರ ನಾನು ಕೇಳಿದ ಸೂತ್ರವೂ ಅವಳಿಗೆ ಗೊತ್ತಿತ್ತು. ನನ್ನ ಮುಖ ನೋಡಿ ಮರೆತುಹೋಯಿತಂತೆ.

ಮಾರನೆಯ ದಿನ ಅವಳು ಶಾಲೆಗೆ ಬಂದಳು. ನಾನು ತಿಂಡಿ ತಿಂದು ಬಂದೆ. ಅದಕ್ಕಾಗಿ ಹಿಂದಿನ ಸಂಜೆ ಮನೆಯಲ್ಲಿ ಸಭೆ ನಡೆಯಿತು. ಇನ್ನು ಮೊದಲ ತೆಳ್ಳೇವು ನನಗೆ, ನಾನು ತಿಂದೆದ್ದ ಮೇಲೆಯೇ ಉಳಿದ ಮಾತು ಎಂದೆ. ನನ್ನ ಗಂಡ ಲೈಬ್ರರಿಯಲ್ಲಿ ಕೆಲಸ ಮಾಡುವವರು. ಅವರ ಸಮಾಧಾನದ ಸ್ವಭಾವಕ್ಕೆ ಊರಲ್ಲಿ ಹೆಸರಿತ್ತು. “ಅದಕ್ಕೆಂತ, ಬೆಳಗಿನ ತೆಳ್ಳೇವು ಆನು ಹೊಯ್ತೆ,” ಎಂದು ಒಪ್ಪಿಕೊಂಡರು. ಮೊದಲ ವಾರ ಹಂಚಿಗೆ ಅಂಟಿದ್ದೇ ಹೆಚ್ಚು, ಎರಡನೆಯ ವಾರಕ್ಕೆ ಕೈ ಹದಕ್ಕೆ ಬಂತು. ನಾನು, ಮಕ್ಕಳು ಸಾಲಾಗಿ ಕೂತು ಬಿಸಿಬಿಸಿ ತಿನ್ನುತ್ತಿದ್ದೆವು. ತರಗತಿಯಲ್ಲಿ ನಾನು ಧ್ವನಿ ಎತ್ತದೆ ತಿಂಗಳಾಯಿತು. ಪ್ರಾರ್ಥನೆಗೆ ಮೊದಲು ಹೇಳಲು ಏನೂ ಇಲ್ಲವೆಂದು ವೀಣಾ ಸಪ್ಪಗಾದಳು.

ಆ ತಿಂಗಳ ಕೊನೆಗೆ ಲೈಬ್ರರಿಯ ಜವಾನ ದಾರಿಯಲ್ಲಿ ನನ್ನನ್ನು ನಿಲ್ಲಿಸಿ, “ಅಕ್ಕೋರೆ, ನಮ್ಮ ಸಾಹೇಬರಿಗೆ ಈಚೆಗೆ ಏನಾಗಿದೆ? ನಿನ್ನೆ ಪೇಪರ್ ಮಡಚಿದ್ದು ಸರಿ ಇಲ್ಲ ಅಂತ ಒಬ್ಬರು ಹಿರಿಯರನ್ನು ಹೊರಗೆ ಕಳಿಸಿದರು,” ಎಂದ. ಅಂದು ಸಂಜೆ ಇವರು ಬಂದವರೇ ಚಪ್ಪಲಿಯನ್ನು ಮೂಲೆಗೆ ಒಗೆದು, ಚಹಾಕ್ಕೆ ಸಕ್ಕರೆ ಕಡಿಮೆಯೆಂದು ಕೂಗಾಡಿದರು. ಹದಿನಾರು ವರ್ಷದ ಸಂಸಾರದಲ್ಲಿ ಮೊದಲ ಸಲ. ಅವರ ವಂಶದಲ್ಲಿ ಯಾರಿಗೂ ಸಿಟ್ಟಿಲ್ಲ. ಕಾವಲಿಯ ಮುಂದೆ ಕೊನೆಯವರೆಗೆ ನಿಲ್ಲುವವರು ಈಗ ಅವರು, ಅಷ್ಟೇ.

ಕಾರಣ ನನಗೆ ಗೊತ್ತಿತ್ತು. ಹೇಳಿದರೆ ಮರುದಿನದಿಂದ ಸರದಿ ಮತ್ತೆ ನನಗೇ ಬರುತ್ತದೆ ಎಂಬುದೂ ಗೊತ್ತಿತ್ತು. ಹೇಳಿದೆ, ನಿಜ, ಆದರೆ ಎರಡು ವಾರ ಬಿಟ್ಟು. ಅಲ್ಲಿಯವರೆಗೆ ಅವರು ರೇಗಿದಾಗಲೆಲ್ಲ ಒಂದು ಮಾತೂ ಎದುರಾಡದೆ ನಗುನಗುತ್ತಲೇ ಸಹಿಸಿಕೊಂಡೆ. ಅಕ್ಕಪಕ್ಕದವರು ನನ್ನ ತಾಳ್ಮೆಯನ್ನು ಹೊಗಳಿದರು. ನಾನೂ ಬೇಡ ಅನ್ನಲಿಲ್ಲ.